ತೆರ್ಸ್ ಮುಗಿದ ಮೇಲೆ ಏನು ಓದೋಣ? ಕಾಸರಗೋಡಿನ ಕ್ರೈಸ್ತ ಮನೆಗಳಿಗೆ ಒಂದು ಮಾರ್ಗದರ್ಶಿ

ಕಾಸರಗೋಡಿನ ಕ್ರೈಸ್ತ ಮನೆಗಳಲ್ಲಿ ಎಲ್ಲರೂ ಒಂದೇ ಭಾಷೆಯಲ್ಲಿ ಓದುವುದು ಅಪರೂಪ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಕಡೆಯ ಕಥೊಲಿಕ ಮನೆಗಳನ್ನೇ ನೋಡಿ. ಒಳಗೆ ಮಾತು ಕೊಂಕಣಿ, ನೆರೆಕರೆಯವರ ಜೊತೆ ತುಳು, ಪೇಟೆಯಲ್ಲಿ ಮಲಯಾಳ. ಅಪ್ಪ ಅಮ್ಮ ಓದಿದ್ದು ಕನ್ನಡ ಮೀಡಿಯಂ, ಮಕ್ಕಳು ಹೋಗುವುದು ಇಂಗ್ಲಿಷ್ ಮೀಡಿಯಂಗೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಈ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಹಾಗಾಗಿ ಪ್ರಾರ್ಥನೆ ಪುಸ್ತಕಗಳು ಇವತ್ತಿಗೂ ಕನ್ನಡ ಲಿಪಿಯಲ್ಲೇ ಬರುತ್ತವೆ.

ಇಂಥ ಮನೆಯವರು ಒಟ್ಟಿಗೆ ಕೂತು ಓದೋದಕ್ಕೆ ಯಾವ ಪುಸ್ತಕ ಒಳ್ಳೆಯದು ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಇದು ಸಂತೋಷದ ವಿಷಯ. ನನ್ನ ಉತ್ತರ ಇಷ್ಟೇ: ಪುಸ್ತಕ ಕಮ್ಮಿ ಇರಲಿ, ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮನೆಯಲ್ಲಿ ಓದುವ ಲಿಪಿ ಬೇರೆ ಬೇರೆ ಇರಬಹುದು, ಕೇಳಿದರೆ ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ. ಇದನ್ನು ಮಾಡುವುದು ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ

ಹೊಸ ಹೊತ್ತು ಹುಡುಕಬೇಡಿ, ಅದು ನಿಲ್ಲುವುದಿಲ್ಲ. ಕಥೊಲಿಕರ ಮನೆಯಲ್ಲಿ ಸಂಜೆಯ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಇದ್ದೇ ಇದೆ. ಜಪಸರ ಮುಗಿಯುತ್ತದೆ, ಮಕ್ಕಳು ಹಿರಿಯರ ಮುಂದೆ ಕೈ ಜೋಡಿಸಿ ಬೆಸಾಂವ್ (ಆಶೀರ್ವಾದ) ಕೇಳುತ್ತಾರೆ, ಆಮೇಲೆ ಎಲ್ಲರೂ ಏಳುತ್ತಾರೆ. ಆ ಏಳುವ ಮೊದಲಿನ ಹತ್ತು ನಿಮಿಷ ನಮಗೆ ಬೇಕಾದ ಹೊತ್ತು. ಬೆಸಾಂವ್ ಆದ ಮೇಲೆ ಓದೋಣ ಅಂದುಕೊಂಡರೆ ಮಕ್ಕಳನ್ನು ಮತ್ತೆ ಕೂರಿಸುವುದು ಕಷ್ಟ. ಅದಕ್ಕೇ ಓದನ್ನು ಬೆಸಾಂವ್‌ಗಿಂತ ಮುಂಚೆ ಇಡಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆ) ಮನೆಗಳಲ್ಲಿ ಕುಟುಂಬ ಪ್ರಾರ್ಥನೆಯ ಹಾಡು ಮುಗಿದ ಕೂಡಲೇ ಓದಬಹುದು.

ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ. ಕಥೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ನಿಲ್ಲಿಸಿ. ನಾಳೆ ಏನಾಗುತ್ತದೆ ಎಂದು ಮಗು ಕೇಳಿದರೆ ಅದೇ ನಾಳೆಯ ಓದಿಗೆ ಕರೆ.

ಬೈಬಲ್ ಆರಿಸುವಾಗ

ಎಲ್ಲಕ್ಕಿಂತ ಮೊದಲು ಮನೆಗೆ ಒಂದು ಒಳ್ಳೆಯ ಬೈಬಲ್ ಬೇಕು. ಮದುವೆಯಲ್ಲಿ ಕೊಟ್ಟ ಬೈಬಲ್ ಅಲ್ತಾರಿನಲ್ಲಿ ಇದ್ದೇ ಇದೆ ಎನ್ನಬಹುದು. ಅದರ ಅಕ್ಷರ ಎಷ್ಟು ದೊಡ್ಡದು ಎಂದು ಒಮ್ಮೆ ತೆಗೆದು ನೋಡಿ. ಸಂಜೆಯ ಬಲ್ಬಿನ ಬೆಳಕಿನಲ್ಲಿ ಅಜ್ಜಿಗೆ ಓದಲು ಆಗುತ್ತದೋ ಇಲ್ಲವೋ ಅಜ್ಜಿಯ ಕೈಗೇ ಕೊಟ್ಟು ಕೇಳಿ. ಆಗದಿದ್ದರೆ ದಪ್ಪ ಅಕ್ಷರದ ಪ್ರತಿ ತನ್ನಿ. ಮನೆಗೆ ತರುವ ಪುಸ್ತಕಗಳಲ್ಲಿ ಇದಕ್ಕೆ ಹಾಕಿದ ದುಡ್ಡು ಖಂಡಿತ ವ್ಯರ್ಥವಾಗದು.

ಕನ್ನಡದಲ್ಲಿ ಮುಖ್ಯವಾಗಿ ಎರಡು ರೀತಿಯ ಅನುವಾದ ಬಳಕೆಯಲ್ಲಿವೆ. ಒಂದು ಹಳೆಯ 'ಸತ್ಯವೇದವು', ಪ್ರಾಟೆಸ್ಟಂಟ್ ಸಭೆಗಳಲ್ಲಿ ಓದುವಂಥದ್ದು. ಅದರ ವಾಕ್ಯಗಳಿಗೆ ಒಂದು ಗತ್ತು ಇದೆ, ಬಾಯಿಪಾಠಕ್ಕೆ ಚೆನ್ನಾಗಿ ಕೂರುತ್ತದೆ. ಇನ್ನೊಂದು ಈಗಿನ ಆಡುಮಾತಿಗೆ ಹತ್ತಿರವಾದ ಅನುವಾದ, ಕಥೊಲಿಕರಲ್ಲಿ ಹೆಚ್ಚು ಬಳಕೆ. ಮಕ್ಕಳಿರುವ ಮನೆಗೆ ಎರಡನೆಯದೇ ಸುಲಭ. ಕಥೊಲಿಕರು ಕೊಳ್ಳುವಾಗ 73 ಪುಸ್ತಕಗಳಿರುವ ಪ್ರತಿಯೇ ಬೇಕೆಂದು ಕೇಳಿ. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳಿರುತ್ತವೆ, ತೋಬಿತನ ಕಥೆ ಅದರಲ್ಲಿ ಸಿಗುವುದಿಲ್ಲ.

ಮಲಯಾಳವನ್ನೇ ಸಲೀಸಾಗಿ ಓದುವ ಮಕ್ಕಳಿದ್ದರೆ ಕೇರಳದ ಕಥೊಲಿಕ ಸಭೆ ಹೊರತಂದ ಪಿಒಸಿ ಬೈಬಲ್ ತಂದುಕೊಡಿ. ಮಗು ಕನ್ನಡದಲ್ಲೇ ಓದಬೇಕು ಎಂಬ ಹಟ ಇಲ್ಲಿ ಬೇಡ. ಒಂದು ಸಂಜೆ ನೀವು ಕನ್ನಡದಲ್ಲಿ ಓದಿ, ಮರುದಿನ ಅದೇ ಭಾಗವನ್ನು ಮಗು ಮಲಯಾಳದಲ್ಲಿ ಓದಲಿ. ಅಜ್ಜಿಗೂ ಖುಷಿಯಾಗುತ್ತದೆ.

ಮಾರ್ಕನಿಂದ ಶುರು ಮಾಡಿ

ಬೈಬಲನ್ನು ಮೊದಲ ಪುಟದಿಂದ ಓದಲು ಹೊರಟವರಲ್ಲಿ ಹೆಚ್ಚಿನವರು ವಿಧಿನಿಯಮಗಳೇ ತುಂಬಿರುವ ಯಾಜಕಕಾಂಡದ ಹತ್ತಿರ ನಿಂತುಬಿಡುತ್ತಾರೆ. ಮನೆಮಂದಿಗೆಲ್ಲ ಹಿಡಿಸುವುದು ಮಾರ್ಕನ ಶುಭಸಂದೇಶ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಅಧ್ಯಾಯದಂತೆ ಓದಿದರೆ ಎರಡು ವಾರದ ಮೇಲೆ ಎರಡು ದಿನ ಸಾಕು. 14ನೆಯ ಅಧ್ಯಾಯ ಮಾತ್ರ ಉದ್ದ, ಅದನ್ನು ಎರಡು ಸಂಜೆಗೆ ಹಂಚಿಕೊಂಡರೆ ಇನ್ನೊಂದು ದಿನ ಹೆಚ್ಚು.

ಮಾರ್ಕ ಸುತ್ತಿಬಳಸಿ ಹೇಳುವವನಲ್ಲ. ಒಂದಾದ ಮೇಲೊಂದು ಘಟನೆ ಬರುತ್ತಲೇ ಇರುತ್ತದೆ. ನಾಲ್ಕನೆಯ ಅಧ್ಯಾಯದ ಕೊನೆಗೆ ಸರೋವರದಲ್ಲಿ ಬಿರುಗಾಳಿ ಏಳುವ ಭಾಗ ಇದೆ. ದೋಣಿಗೆ ನೀರು ನುಗ್ಗುತ್ತಿದೆ, ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬು ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದಾರೆ. ಕಡಲ ಬದಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಜೂನ್ ತಿಂಗಳ ಸಮುದ್ರ ಹೇಗಿರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಓದು ನಿಲ್ಲಿಸಿ, "ನೀನು ಆ ದೋಣಿಯಲ್ಲಿ ಇದ್ದಿದ್ರೆ ಏನು ಮಾಡ್ತಿದ್ದೆ?" ಎಂದು ಕೇಳಿ. ಉತ್ತರ ತಿದ್ದಬೇಡಿ. ಉಪದೇಶವೂ ಬೇಡ.

ಮಾರ್ಕ ಮುಗಿದರೆ ರೂತಳ ಪುಸ್ತಕಕ್ಕೆ ಹೋಗಿ. ನಾಲ್ಕೇ ಅಧ್ಯಾಯ, ಅತ್ತೆ ಸೊಸೆಯ ಕಥೆ. ಒಂದು ಭಾನುವಾರ ಒಂದೇ ಸಲಕ್ಕೆ ಓದಿ ಮುಗಿಸಬಹುದು. ಕಥೊಲಿಕರ ಮನೆಯಲ್ಲಿ ತೋಬಿತ ಚೆನ್ನಾಗಿ ಓಡುತ್ತದೆ: ಕಣ್ಣು ಕಳೆದುಕೊಂಡ ಅಪ್ಪ, ದೂರ ಪ್ರಯಾಣ ಹೊರಟ ಮಗ, ಜೊತೆಗೆ ಒಂದು ನಾಯಿ. ಕ್ರಿಸ್ಮಸ್ಸಿಗೆ ಮುಂಚೆ ಲೂಕನನ್ನು ಹಿಡಿಯಿರಿ. ಅದರಲ್ಲಿ 24 ಅಧ್ಯಾಯ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ಸಂಜೆಗೆ ಸರಿಯಾಗಿ ಮುಗಿಯುತ್ತದೆ.

ಮನಸ್ಸು ಕುಗ್ಗಿದಾಗ ಕೀರ್ತನೆಗಳು

ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದಾರೆ. ಗಲ್ಫಿನಲ್ಲಿರುವ ಮಗನ ಕೆಲಸ ಹೋಗಿದೆ. ಇಂಥ ದಿನಗಳಲ್ಲಿ ದೊಡ್ಡ ಪುಸ್ತಕ ಯಾರೂ ತೆರೆಯುವುದಿಲ್ಲ. 150 ಕೀರ್ತನೆಗಳಲ್ಲಿ ನಿಮಗೆ ಬೇಕಾದವನ್ನು ಮೊದಲೇ ಗುರುತು ಮಾಡಿ ಇಟ್ಟುಕೊಳ್ಳಿ. ಬೈಬಲಿನ ಒಳಬದಿಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ ಸಾಕು. ಹೆದರಿಕೆಗೆ 27 ಮತ್ತು 91. ಪ್ರಯಾಣಕ್ಕೆ, ರೋಗಿಯ ಹಾಸಿಗೆಯ ಬದಿಗೆ 121, ಅದರಲ್ಲಿ ಎಂಟೇ ವಚನ. ತಪ್ಪಿನ ಭಾರ ಕಾಡುವಾಗ 51. ಕೃತಜ್ಞತೆಗೆ 103. ಇಪ್ಪತ್ತಮೂರನೆಯದು ನಿಮಗೆ ಗೊತ್ತೇ ಇದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಾವು ಆದ ಮನೆಗೆ ಹೋಗಿ ಸಂತೋಷದ ಕೀರ್ತನೆ ಓದಬೇಡಿ. ಕೀರ್ತನೆ 88 ಅಂತ ಒಂದಿದೆ. ಮೊದಲಿನಿಂದ ಕೊನೆಯವರೆಗೆ ಅಳು, ಕೊನೆಯೂ ಕತ್ತಲಲ್ಲೇ. ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಿಲ್ಲ. ದುಃಖದಲ್ಲಿ ಇರುವವರಿಗೆ "ಎಲ್ಲ ಒಳ್ಳೆಯದಕ್ಕೇ" ಎಂಬ ಮಾತಿಗಿಂತ ಈ ಕೀರ್ತನೆ ಹತ್ತಿರವಾಗುತ್ತದೆ. ದೇವರ ಮುಂದೆ ಹೀಗೂ ಮಾತಾಡಬಹುದು ಎಂಬ ಧೈರ್ಯ ಬರುತ್ತದೆ. ಕೆಲವು ದಿನ ಕಳೆದ ಮೇಲೆ 130 ಓದಿ.

ನಮ್ಮೂರಿನ ಪುಸ್ತಕ: 'ಗೊಲ್ಗೊಥಾ'

ಕಾಸರಗೋಡಿನ ಕ್ರೈಸ್ತ ಮನೆಯಲ್ಲಿ ಈ ಪುಸ್ತಕ ಇಲ್ಲ ಎಂದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುವಿನ ಕಡೆಯ ದಿನದ ಬಗ್ಗೆ ಬರೆದ ಖಂಡಕಾವ್ಯ ಇದು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಪೈಗಳು ಕ್ರೈಸ್ತರಲ್ಲ, ಗೌಡ ಸಾರಸ್ವತ ಮನೆತನದವರು, ಮನೆಮಾತು ಕೊಂಕಣಿ. ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ' ಬರೆದವರೂ ಅವರೇ. ನಮ್ಮ ನೆರೆಕರೆಯ ಒಬ್ಬ ಹಿರಿಯರು ಶಿಲುಬೆಯ ಕೆಳಗೆ ನಿಂತು ಇಷ್ಟು ಭಕ್ತಿಯಿಂದ ಬರೆದಿದ್ದಾರೆ ಎನ್ನುವುದು ಮಕ್ಕಳಿಗೆ ತಿಳಿಯಬೇಕು. ಮಂಜೇಶ್ವರದಲ್ಲಿ ಅವರ ಮನೆ 'ಗಿಳಿವಿಂಡು' ಎಂಬ ಹೆಸರಿನ ಸ್ಮಾರಕವಾಗಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ.

ಭಾಷೆ ಕಷ್ಟ, ಅದು ನಿಜ. ಹಳೆಯ ಶಬ್ದಗಳು ತುಂಬ. ಹಾಗೆಂದು ಬಿಟ್ಟುಬಿಡಬೇಡಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಿ. ಮೊದಲ ಸಂಜೆ ಯೊವಾನ್ನನ ಶುಭಸಂದೇಶದ 18 ಮತ್ತು 19ನೆಯ ಅಧ್ಯಾಯ ಓದಿ, ಕಥೆ ಎಲ್ಲರ ತಲೆಯಲ್ಲಿ ಇರಲಿ. ಮರುದಿನದಿಂದ ಕಾವ್ಯದ ಒಂದೊಂದು ಪುಟ. ಓದುವವರು ಹಗಲಿನಲ್ಲೇ ಒಮ್ಮೆ ನೋಡಿಕೊಂಡಿರಬೇಕು. ಎಲ್ಲಿ ಉಸಿರು ನಿಲ್ಲಿಸಬೇಕು ಎಂದು ಗೊತ್ತಿಲ್ಲದೆ ಓದಿದರೆ ಕೇಳುವವರಿಗೆ ಏನೂ ಸಿಗುವುದಿಲ್ಲ. ಗೊತ್ತಿಲ್ಲದ ಶಬ್ದಕ್ಕೆ ಕಿಟ್ಟೆಲ್ ನಿಘಂಟು ನೋಡಿ. ಅದೂ ಒಬ್ಬ ಮಿಷನರಿಯ ಜೀವಮಾನದ ದುಡಿಮೆಯೇ, ಬಾಸೆಲ್ ಮಿಷನ್‌ನ ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಹೊರತಂದದ್ದು. ಈಗ ಇಂಟರ್‌ನೆಟ್ಟಿನಲ್ಲಿ ಹುಡುಕಬಹುದು. ಇನ್ನೂ ಸುಲಭದ ದಾರಿ ಎಂದರೆ ಊರಿನ ಕನ್ನಡ ಮೇಷ್ಟ್ರನ್ನೋ ಟೀಚರನ್ನೋ ಒಂದು ಸಂಜೆ ಮನೆಗೆ ಕರೆಯುವುದು. ಅವರು ಯಾವ ಧರ್ಮದವರೇ ಆಗಿರಲಿ, ಗೋವಿಂದ ಪೈಗಳ ಪದ್ಯ ಓದಿ ಅರ್ಥ ಹೇಳಿ ಎಂದರೆ ಸಂತೋಷದಿಂದ ಬರುತ್ತಾರೆ. ಕಾಫಿ ತಿಂಡಿ ಮಾಡಿಡಿ.

ಒಬ್ಬರೇ ಓದುವುದಕ್ಕೆ

ಕೆಲವು ಪುಸ್ತಕ ಗಟ್ಟಿಯಾಗಿ ಓದುವಂಥದ್ದಲ್ಲ. ಬೆಳಗ್ಗೆ ಎಲ್ಲರೂ ಏಳುವ ಮುಂಚೆ ಒಂದೆರಡು ಪುಟ ಓದಿ ಮುಚ್ಚಿಡುವಂಥದ್ದು. ಥಾಮಸ್ ಕೆಂಪಿಸ್ 15ನೆಯ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಬರೆದ 'ದ ಇಮಿಟೇಶನ್ ಆಫ್ ಕ್ರೈಸ್ಟ್' ಆ ಜಾತಿಯದು. ಅಧ್ಯಾಯಗಳು ಪುಟ್ಟ ಪುಟ್ಟವು. ಸ್ವಾಮಿ ವಿವೇಕಾನಂದರು ದೇಶ ಸುತ್ತುವಾಗ ಗೀತೆಯ ಜೊತೆ ಇದನ್ನೂ ಇಟ್ಟುಕೊಂಡಿದ್ದರು, ಸ್ವಲ್ಪ ಭಾಗವನ್ನು ಬಂಗಾಳಿಗೆ ತಂದರು ಕೂಡ. ಮಠದಲ್ಲಿ ಇರುವವರಿಗಾಗಿ ಬರೆದದ್ದು, ಹಾಗಾಗಿ ಸಂಸಾರಸ್ಥರಿಗೆ ಕೆಲವು ಮಾತು ತೀರ ಬಿಗಿ ಅನ್ನಿಸುತ್ತದೆ. ಅದನ್ನು ದಾಟಿ ಮುಂದೆ ಹೋಗಿ. ಮನಸ್ಸು ತುಂಬ ಸೋತಿರುವಾಗ ಮಾತ್ರ ಇದನ್ನು ಹಿಡಿಯಬೇಡಿ, ಆಗ ಫಿಲಿಪ್ಪಿಯವರಿಗೆ ಬರೆದ ಪತ್ರ ವಾಸಿ. ಪೌಲ ಜೈಲಿನಲ್ಲಿ ಕೂತು ಬರೆದ ನಾಲ್ಕು ಅಧ್ಯಾಯ, ಸಂತೋಷವಾಗಿರಿ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

ಸಂತರ, ಸಾಧಕರ ಜೀವನ

ಹದಿಹರೆಯದ ಮಕ್ಕಳಿಗೆ ಉಪದೇಶದ ಪುಸ್ತಕಕ್ಕಿಂತ ಒಬ್ಬರ ಬದುಕಿನ ಕಥೆ ಕೊಡಿ. ಹತ್ತಿರದವರಿಂದಲೇ ಶುರು ಮಾಡಿ.

ಸಂತ ಜೋಸೆಫ್ ವಾಜ್ ನಮ್ಮವರೇ ಎನ್ನಬಹುದು. 1651ರಲ್ಲಿ ಗೋವೆಯಲ್ಲಿ ಹುಟ್ಟಿದ ಕೊಂಕಣಿ ಪಾದ್ರಿ. 1681ರಿಂದ 1684ರ ತನಕ ಕೆನರಾದಲ್ಲಿ ಊರೂರು ಸುತ್ತಿ ಕೆಲಸ ಮಾಡಿದರು. ವರ್ಕಾಡಿಯಿಂದ ಗಡಿ ದಾಟಿದರೆ ಹತ್ತಿರದಲ್ಲೇ ಇರುವ ಮುಡಿಪು ಗುಡ್ಡದ ಪುಣ್ಯಕ್ಷೇತ್ರ ಅವರದ್ದೇ. ಆಮೇಲೆ 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರು ಕಥೊಲಿಕ ಪಾದ್ರಿಗಳನ್ನು ಬಿಡುತ್ತಿರಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಅವರ ಜೀವನ ಚರಿತ್ರೆ ಓದಿ ಮುಗಿಸಿ, ಮಕ್ಕಳ ಜೊತೆ ಮುಡಿಪಿಗೆ ಹೋಗಿ ಬನ್ನಿ.

ಪಂಡಿತಾ ರಮಾಬಾಯಿ (1858–1922) ಅವರ ಬದುಕು ಹೆಣ್ಣುಮಕ್ಕಳು ಓದಲೇಬೇಕಾದದ್ದು. ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ ಅಪ್ಪ. ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ದೇಶವೆಲ್ಲ ನಡೆದ ಈಕೆ ಮುಂದೆ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ನಿರ್ಗತಿಕ ಹೆಂಗಸರಿಗೆ ಆಸರೆ ಕಟ್ಟಿದರು, ಬೈಬಲನ್ನು ಮರಾಠಿಗೆ ತಂದರು. ಮಲಯಾಳ ಓದುವ ಮಕ್ಕಳಿಗೆ ಕೇರಳದ ಸನ್ಯಾಸಿನಿ ಸಂತ ಅಲ್ಫೋನ್ಸಮ್ಮನ ಬಗೆಗಿನ ಪುಸ್ತಕಗಳು ಸುಲಭವಾಗಿ ಸಿಗುತ್ತವೆ. ಕಾಯಿಲೆಯಲ್ಲೇ ಬದುಕು ಸವೆಸಿದ ಅವರನ್ನು 2008ರಲ್ಲಿ ಸಂತರೆಂದು ಘೋಷಿಸಲಾಯಿತು. ದೀರ್ಘ ಕಾಯಿಲೆಯಲ್ಲಿ ಇರುವ ದೊಡ್ಡವರಿಗೂ ಅದು ಜೊತೆಯಾಗುತ್ತದೆ.

ಅಜ್ಜಿಯರಿಗೆ ಕೊಂಕಣಿ

ಹಿರಿಯರ ಮನಸ್ಸಿಗೆ ನಾಟುವುದು ಕೊಂಕಣಿಯೇ. 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆಗೆ ಚಂದಾ ಮಾಡಿಕೊಡಿ. ಹಳೆಯ ಗಾಯನದ ಪುಸ್ತಕವನ್ನು ಗುಜರಿಗೆ ಹಾಕಬೇಡಿ, ಅದರಲ್ಲಿರುವ ಹಾಡು ಅಜ್ಜಿಗೆ ಬಾಯಿಗೆ ಬರುತ್ತದೆ, ನಿಮಗೆ ಬರುವುದಿಲ್ಲ ಅಲ್ವಾ? ಮೊಂತಿ ಫೆಸ್ತಿನ (ಮರಿಯಮ್ಮನ ಹುಟ್ಟುಹಬ್ಬದ) ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಹಿಡಿದು ಹಾಡುವ ಹಾಡುಗಳನ್ನು ಅಜ್ಜಿಯ ಬಾಯಿಂದಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಯಾವ ಸಿಡಿಯೂ ಅದಕ್ಕೆ ಸಮ ಅಲ್ಲ.

ಕೇಳಲು, ನೋಡಲು

ಕಣ್ಣು ಮಂಜಾದವರಿಗೆ ಆಡಿಯೊ ಬೈಬಲ್ ದೊಡ್ಡ ಉಪಕಾರ. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡ ಬೈಬಲ್ ಉಚಿತ. ಕನ್ನಡ ಹೊಸ ಒಡಂಬಡಿಕೆಯ ಓದನ್ನು ಬೈಬಲ್ ಡಾಟ್ ಈಸ್ ಆ್ಯಪ್‌ನಲ್ಲಿ ಕೇಳಬಹುದು. ಜೂನ್ ಬರುವ ಮುಂಚೆಯೇ ಬೇಕಾದ ಭಾಗ ಡೌನ್‌ಲೋಡ್ ಮಾಡಿಡಿ. ಮಳೆ ಶುರುವಾದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಶಬ್ದ ಜಾಸ್ತಿ ಬರಲಿ ಎಂದು ಮೊಬೈಲನ್ನು ಸ್ಟೀಲ್ ಪಾತ್ರೆಯೊಳಗೆ ಇಡುವವರಿದ್ದಾರೆ. ಹಾಡಿಗೆ ಅದು ಸರಿ, ಆದರೆ ಮಾತು ಗುಂಯ್‌ಗುಟ್ಟಿ ಹಿರಿಯರಿಗೆ ಅಕ್ಷರ ಬಿಡಿಸಿ ಕೇಳುವುದಿಲ್ಲ. ಒಂದು ಸಣ್ಣ ಸ್ಪೀಕರ್ ಕೊಂಡು ಅವರ ತಲೆದಿಂಬಿನ ಬದಿಗೇ ಇಡಿ.

ಪೋಪರ ಮಾತು, ಸಭೆಯ ಸುದ್ದಿ ಬೇಕಾದವರಿಗೆ ವ್ಯಾಟಿಕನ್ ನ್ಯೂಸ್ 2024ರಿಂದ ಕನ್ನಡದಲ್ಲೂ ಸಿಗುತ್ತಿದೆ. ಟಿವಿಯಲ್ಲಾದರೆ ಮಲಯಾಳದ ಶಾಲೋಮ್, ಗುಡ್‌ನೆಸ್ ಚಾನೆಲ್‌ಗಳಿವೆ.

ಸಿನೆಮಾ ನೋಡುವುದಾದರೆ 1979ರ 'ಜೀಸಸ್' ಚಿತ್ರ ಕನ್ನಡದಲ್ಲಿ ಇದೆ. ಲೂಕನ ಶುಭಸಂದೇಶವನ್ನೇ ಹಿಡಿದು ಮಾಡಿದ್ದು, ಮಕ್ಕಳೂ ನೋಡಬಹುದು. 2004ರ 'ದ ಪ್ಯಾಶನ್ ಆಫ್ ದ ಕ್ರೈಸ್ಟ್' ಹಾಗಲ್ಲ. ಚಾಟಿ ಏಟಿನ ದೃಶ್ಯಗಳು ತುಂಬ ಭೀಕರ. ಶುಭ ಶುಕ್ರವಾರ ಎಂದು ಚಿಕ್ಕ ಮಕ್ಕಳನ್ನು ಅದರ ಮುಂದೆ ಕೂರಿಸಬೇಡಿ, ದಯವಿಟ್ಟು. ಅವರಿಗೆ ಶಿಲುಬೆಯ ಹಾದಿಯ 14 ಸ್ಥಳಗಳ ಚಿತ್ರ ತೋರಿಸಿ ಕಥೆ ಹೇಳಿದರೆ ಸಾಕು.

ಯಾವುದನ್ನು ದೂರ ಇಡಬೇಕು

ವಾಟ್ಸ್‌ಆ್ಯಪ್‌ನಲ್ಲಿ ಬರುವ ಭಕ್ತಿಯ ವಿಡಿಯೊಗಳಲ್ಲಿ ಒಳ್ಳೆಯದೂ ಇವೆ. ಆದರೆ ಮೂರು ಬಗೆಯವನ್ನು ತಕ್ಷಣ ಅಳಿಸಿ. ಇಷ್ಟು ಜನರಿಗೆ ಕಳಿಸದಿದ್ದರೆ ಕೆಟ್ಟದಾಗುತ್ತದೆ ಎಂದು ಹೆದರಿಸುವುದು. ದುಡ್ಡು ಕಳಿಸಿದರೆ ಆಶೀರ್ವಾದ ಎನ್ನುವುದು. ಇನ್ನೊಂದು ಎಲ್ಲಕ್ಕಿಂತ ಅಪಾಯ: ಪ್ರಾರ್ಥನೆ ಮಾಡಿ, ಮಾತ್ರೆ ಬಿಡಿ ಎನ್ನುವುದು. ಸಕ್ಕರೆ ಕಾಯಿಲೆ, ಬಿಪಿ, ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬಾರದು. ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ. ಖಿನ್ನತೆಯಲ್ಲಿ ಇರುವವರ ಕೈಗೆ ಪುಸ್ತಕ ಕೊಟ್ಟು ಕೈತೊಳೆದುಕೊಳ್ಳಬೇಡಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ.

ಕಥೊಲಿಕ ಪುಸ್ತಕ ಕೊಳ್ಳುವಾಗ ಮುಖಪುಟದ ಹಿಂದೆ 'ಇಂಪ್ರಿಮಾತುರ್' ಎಂಬ ಶಬ್ದ ಇದೆಯೇ ನೋಡಿ. ಬಿಷಪರ ಒಪ್ಪಿಗೆ ಪಡೆದು ಅಚ್ಚಾದದ್ದು ಎಂದು ಅರ್ಥ. ಇಲ್ಲದ ಪುಸ್ತಕ ಎಲ್ಲ ಕೆಟ್ಟದ್ದೆಂದಲ್ಲ. ಸಂಶಯ ಬಂದರೆ ಭಾನುವಾರ ಪೂಜೆ ಮುಗಿದ ಮೇಲೆ ಫಾದರನ್ನೋ ಸಭಾಪಾಲಕರನ್ನೋ ಕೇಳಿಬಿಡಿ.

ಎಲ್ಲಿ ಸಿಗುತ್ತದೆ, ಹೇಗೆ ಕಾಪಾಡುವುದು

ಬೈಬಲ್, ಪ್ರಾರ್ಥನೆ ಪುಸ್ತಕ, ಜೀವನ ಚರಿತ್ರೆಗಳಿಗೆ ಮಂಗಳೂರಿಗೆ ಹೋದರೆ ಒಳ್ಳೆಯದು. ರೈಲು ಹತ್ತಿದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು. ಹೋಗುವ ಮೊದಲು ವಾರ್ಡಿನ ನಾಲ್ಕು ಮನೆಯವರನ್ನು ಕೇಳಿ ಪಟ್ಟಿ ಮಾಡಿ. ಬೇರೆ ಬೇರೆ ಪುಸ್ತಕ ತಂದು ಮನೆಯಿಂದ ಮನೆಗೆ ದಾಟಿಸಿದರೆ ಖರ್ಚೂ ಕಮ್ಮಿ. ಗೋವಿಂದ ಪೈಗಳ ಪುಸ್ತಕಕ್ಕೆ ಮೊದಲು ಊರಿನ ಗ್ರಂಥಾಲಯದಲ್ಲಿ ಕೇಳಿ. ಬಾಸೆಲ್ ಮಿಷನ್ ಕಾಲದ ಹಳೆಯ ಪುಸ್ತಕಗಳ ಆಸೆ ಇದ್ದರೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ಎಂಬ ಜಾಲತಾಣ ನೋಡಿ. ಮಲಯಾಳದ ಜೊತೆ ಕನ್ನಡ, ತುಳು ಪುಸ್ತಕಗಳೂ ಅಲ್ಲಿ ಉಚಿತ.

ನಮ್ಮ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಇನ್ನೂ ಹಾಳು. ಗೋಡೆಗೆ ತಾಗದಂತೆ, ನೆಲದಿಂದ ಮೇಲೆ, ಗಾಳಿಯಾಡುವಲ್ಲಿ ನಿಲ್ಲಿಸಿಡಿ. ಬೂಷ್ಟು ಬಂದರೆ ಒದ್ದೆ ಬಟ್ಟೆ ಬೇಡ, ಒಣ ಬಟ್ಟೆಯಲ್ಲಿ ಅಂಗಳಕ್ಕೆ ತಂದು ಒರೆಸಿ. ಮಳೆ ಬಿಟ್ಟ ಮೇಲೆ ನೆರಳಿನಲ್ಲಿ ಪುಟ ಬಿಚ್ಚಿ ಗಾಳಿಗಿಡಿ, ನೇರ ಬಿಸಿಲಿಗೆ ಹಾಕಿದರೆ ಕಾಗದ ಮುರುಟುತ್ತದೆ. ದಿನಾ ತೆರೆಯುವ ಬೈಬಲಿಗೆ ಇದ್ಯಾವುದರ ತೊಂದರೆ ಅಷ್ಟಾಗಿ ಬರುವುದಿಲ್ಲ, ವರ್ಷಕ್ಕೊಮ್ಮೆ ತೆರೆಯುವುದನ್ನೇ ಹೆಚ್ಚು ನೋಡಿಕೊಳ್ಳಬೇಕು.